ಹೊಲದಲ್ಲಿ ಸಿಗುವ ಬಿಳಿ ಕಲ್ಲು ಯಾವುದು?

ಪ್ರಶ್ನೆ: ನಮ್ಮದು ಬಯಲುಸೀಮೆಯ ಕೆಂಪು ಮಣ್ಣಿನ ಹೊಲ. ಪ್ರತಿ ಸಲ ಉಳುವಾಗಲೂ ಹೊಳೆಯುವ ಬಿಳಿ ಕಲ್ಲುಗಳು ಮೇಲೆ ಬರುತ್ತವೆ. ಅವು ಯಾವ ಖನಿಜವೆಂದು ಮನೆಯಲ್ಲೇ ಪರೀಕ್ಷಿಸಬಹುದೇ? ಖನಿಜಕ್ಕೂ ಶಿಲೆಗೂ ಇರುವ ವ್ಯತ್ಯಾಸವೇನು?

ಉತ್ತರ: ಪರೀಕ್ಷಿಸಬಹುದು, ಆದರೆ ಬಣ್ಣವನ್ನು ನಂಬಬಾರದು. ಬೆಣಚುಕಲ್ಲು, ಫೆಲ್ಡ್‌ಸ್ಪಾರ್, ಕ್ಯಾಲ್ಸೈಟ್ ಮೂರೂ ಬಿಳಿಯಾಗಿರಬಹುದು. ಬೆಣಚುಕಲ್ಲೊಂದೇ ಬಿಳಿ, ಗುಲಾಬಿ, ನೇರಳೆ, ಹೊಗೆಗಪ್ಪು ಬಣ್ಣಗಳಲ್ಲಿ ಸಿಗುತ್ತದೆ, ಏಕೆಂದರೆ ಖನಿಜದ ಬಣ್ಣ ಬದಲಾಗಲು ಅತ್ಯಲ್ಪ ಬೆರಕೆಯೇ ಸಾಕು. ಬೆರಕೆಯಿಂದ ಅಷ್ಟಾಗಿ ಬದಲಾಗದಿರುವುದು ಖನಿಜದ ಗಡಸುತನ ಮತ್ತು ಅದು ಒಡೆಯುವ ರೀತಿ.

ಗಡಸುತನವನ್ನು ಅಳೆಯಲು ಫ್ರೆಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ 1ರಿಂದ 10ರವರೆಗಿನ ಶ್ರೇಣಿಯನ್ನೇ ಇಂದಿಗೂ ಬಳಸುತ್ತಾರೆ. ಅದರಲ್ಲಿ ಅತಿ ಮೃದುವಾದ ಟಾಲ್ಕ್ 1, ವಜ್ರ 10. ನಮ್ಮ ಉಗುರು ಸುಮಾರು 2.5, ಕಿಟಕಿಯ ಗಾಜು ಸುಮಾರು 5.5. ಕ್ಯಾಲ್ಸೈಟ್ 3, ಫೆಲ್ಡ್‌ಸ್ಪಾರ್ 6, ಬೆಣಚುಕಲ್ಲು 7. ಆದ್ದರಿಂದ ಕಲ್ಲಿನ ಚೂಪಾದ ಅಂಚನ್ನು ಹಳೆಯ ಗಾಜಿನ ಚೂರಿನ ಮೇಲೆ ಒತ್ತಿ ಎಳೆದರೆ ಬೆಣಚುಕಲ್ಲು ಮತ್ತು ಫೆಲ್ಡ್‌ಸ್ಪಾರ್ ಗೀರು ಬೀಳಿಸುತ್ತವೆ, ಕ್ಯಾಲ್ಸೈಟ್ ಬೀಳಿಸುವುದಿಲ್ಲ. ಇಲ್ಲಿ ಬಹಳ ಜನ ಮೋಸಹೋಗುತ್ತಾರೆ: ಮೃದುವಾದ ಕಲ್ಲು ಗಾಜಿನ ಮೇಲೆ ತನ್ನದೇ ಪುಡಿಯ ಬಿಳಿ ಗೆರೆಯನ್ನು ಬಿಟ್ಟುಹೋಗುತ್ತದೆ, ಅದು ಗೀರಿನಂತೆಯೇ ಕಾಣುತ್ತದೆ. ಒದ್ದೆ ಬೆರಳಿನಿಂದ ಒರೆಸಿ ನೋಡಬೇಕು. ಗೆರೆ ಅಳಿಸಿಹೋದರೆ ಅದು ಪುಡಿ. ಉಗುರಿಗೆ ತಡೆದರೆ ಮಾತ್ರ ನಿಜವಾದ ಗೀರು.

ಉಳಿದೆರಡನ್ನು ಬೇರ್ಪಡಿಸಲು ಕಲ್ಲನ್ನು ಒಡೆಯಬೇಕು. ಗೋಣಿಚೀಲದಲ್ಲಿ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಸುತ್ತಿಗೆಯಿಂದ ಹೊಡೆದರೆ ಸಾಕು. ಬೆಣಚುಕಲ್ಲು ದಪ್ಪ ಗಾಜಿನ ಬಾಟಲಿಯಂತೆ ಬಾಗಿದ, ಅಲೆಯಲೆಯಾದ ಮೈಯಲ್ಲಿ ಒಡೆಯುತ್ತದೆ. ಫೆಲ್ಡ್‌ಸ್ಪಾರ್ ಹೆಚ್ಚುಕಡಿಮೆ ಲಂಬಕೋನದಲ್ಲಿ ಸೇರುವ ಎರಡು ಸಪಾಟು ಮುಖಗಳಲ್ಲಿ ಸೀಳುತ್ತದೆ. ತುಂಡನ್ನು ಬಿಸಿಲಿನಲ್ಲಿ ನಿಧಾನವಾಗಿ ತಿರುಗಿಸಿದರೆ ಆ ಮುಖ ಒಂದು ಕೋನದಲ್ಲಿ ಪುಟ್ಟ ಕನ್ನಡಿಯಂತೆ ಇಡಿಯಾಗಿ ಮಿಂಚುತ್ತದೆ. ಕ್ಯಾಲ್ಸೈಟ್ ಓರೆಯಾದ ಪೆಟ್ಟಿಗೆಯಂತಹ ತುಂಡುಗಳಾಗುತ್ತದೆ, ಅದರ ಪುಡಿಗೆ ನಿಂಬೆರಸ ಹಿಂಡಿದರೆ ಸಣ್ಣಗೆ ನೊರೆ ಬರುತ್ತದೆ.

ಲೋಹದಂತೆ ಹೊಳೆಯುವ ಕಲ್ಲಾದರೆ ಒರೆ ಹಚ್ಚಿ ನೋಡುವುದೇ ಒಳ್ಳೆಯ ದಾರಿ. ಮೆರುಗಿಲ್ಲದ ಟೈಲ್ಸ್‌ನ ಹಿಂಬದಿಯ ಮೇಲೆ ಕಲ್ಲನ್ನು ಉಜ್ಜಬೇಕು. ಸಂಡೂರಿನ ಹೆಮಟೈಟ್ ಎಂಬ ಕಬ್ಬಿಣದ ಅದಿರು ಕಪ್ಪಗೆ ಹೊಳೆಯುತ್ತಿದ್ದರೂ ಕೆಂಪು ಗೆರೆ ಎಳೆಯುತ್ತದೆ. ಮ್ಯಾಗ್ನೆಟೈಟ್ ಕಪ್ಪು ಗೆರೆ ಎಳೆಯುತ್ತದೆ ಮತ್ತು ಅಯಸ್ಕಾಂತಕ್ಕೆ ಅಂಟುತ್ತದೆ. ಚಿನ್ನದ ಗೆರೆ ಹಳದಿ, ಚಿನ್ನವೆಂದು ಭ್ರಮೆ ಹುಟ್ಟಿಸುವ ಪೈರೈಟ್‌ನದು ಹಸಿರುಗಪ್ಪು. ಉಗುರಿನಿಂದ ತೆಳುವಾದ ಹಾಳೆಗಳಾಗಿ ಬಿಡಿಸಬಹುದಾದ, ಬಾಗಿಸಿ ಬಿಟ್ಟರೆ ಮತ್ತೆ ನೆಟ್ಟಗಾಗುವ ಹೊಳಪಿನ ಚೂರು ಅಭ್ರಕ. ಅದಕ್ಕೆ ಕಾಗೆ ಬಂಗಾರ ಎಂದು ಹೆಸರಿಟ್ಟ ನಮ್ಮ ಹಿರಿಯರು ಅದು ಬಂಗಾರವಲ್ಲವೆಂಬುದನ್ನು ಹೆಸರಿನಲ್ಲೇ ತಿಳಿಸಿದ್ದಾರೆ.

ಈಗ ಎರಡನೆಯ ಪ್ರಶ್ನೆ. ಖನಿಜವೆಂದರೆ ನಿರ್ದಿಷ್ಟ ರಾಸಾಯನಿಕ ಸಂಯೋಜನೆ ಮತ್ತು ಹರಳಿನ ರಚನೆಯುಳ್ಳ ನೈಸರ್ಗಿಕ ವಸ್ತು. ಖನಿಜಗಳು ಕೂಡಿಕೊಂಡು ಆಗುವುದು ಶಿಲೆ. ಕಲ್ಲಿನ ಅಂಗಡಿಯವರು ಕತ್ತರಿಸಿ ಎಸೆದ ಗುಲಾಬಿ ಗ್ರಾನೈಟಿನ ಒಂದು ತುಂಡನ್ನು ತಂದು ನೀರು ಚಿಮುಕಿಸಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ: ಗುಲಾಬಿ ಭಾಗ ಫೆಲ್ಡ್‌ಸ್ಪಾರ್, ಬೂದುಬಣ್ಣದ ಗಾಜಿನಂತಹ ಭಾಗ ಬೆಣಚುಕಲ್ಲು, ಕಪ್ಪು ಚುಕ್ಕೆಗಳಲ್ಲಿ ಹೆಚ್ಚಿನವು ಕಪ್ಪು ಅಭ್ರಕ.

ಶಿಲೆಯ ಬಗೆಯನ್ನು ತಿಳಿಯಲು ಹರಳುಗಳು ಒಂದಕ್ಕೊಂದು ಹೇಗೆ ಸೇರಿಕೊಂಡಿವೆ ಎಂಬುದನ್ನು ಗಮನಿಸಬೇಕು. ಕರಗಿದ ಶಿಲಾರಸ ತಣಿದು ಆಗುವ ಅಗ್ನಿಶಿಲೆಯಲ್ಲಿ ಹರಳುಗಳು ಸಂದಿಲ್ಲದಂತೆ ಹೆಣೆದುಕೊಂಡಿರುತ್ತವೆ. ರಾಮನಗರದ ಬೆಟ್ಟಗಳ ಗ್ರಾನೈಟ್ ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ನಿಧಾನವಾಗಿ ತಣಿದದ್ದರಿಂದ ಅದರ ಹರಳುಗಳು ದೊಡ್ಡವು. ವಿಜಯಪುರದ ಸುತ್ತಲಿನ ಕಪ್ಪು ಬಸಾಲ್ಟ್ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಆಗಿ ನೆಲದ ಮೇಲೆ ಹರಿದು ಬೇಗ ಆರಿದ್ದರಿಂದ ಅದರ ಹರಳುಗಳು ಬರಿಗಣ್ಣಿಗೆ ಕಾಣುವುದೇ ಅಪರೂಪ. ಮಾರುಕಟ್ಟೆಯಲ್ಲಿ ಕಪ್ಪು ಗ್ರಾನೈಟ್ ಎಂದು ಕರೆಯುವ ಚಾಮರಾಜನಗರದ ಕಲ್ಲು ಭೂವಿಜ್ಞಾನಿಗಳ ಲೆಕ್ಕದಲ್ಲಿ ಗ್ರಾನೈಟ್ ಅಲ್ಲ, ಡಾಲರೈಟ್ ಎಂಬ ಬೇರೊಂದು ಅಗ್ನಿಶಿಲೆ.

ಪದರಶಿಲೆಗೆ ಬಾದಾಮಿಯ ಮರಳುಗಲ್ಲು ಒಳ್ಳೆಯ ಉದಾಹರಣೆ. ಅಲ್ಲಿ ಮರಳಿನ ಕಣಗಳು ಒಂದರೊಳಗೊಂದು ಹೆಣೆದುಕೊಂಡಿಲ್ಲ, ಅಂಟಿನಂತಹ ಪದಾರ್ಥ ಅವನ್ನು ಹಿಡಿದಿಟ್ಟಿದೆ. ಮನೆಗಳಿಗೆ ಹಾಸುವ ಶಹಾಬಾದ್ ಕಲ್ಲು ಸುಣ್ಣಕಲ್ಲು, ಅಂದರೆ ಅದರ ಮುಖ್ಯ ಖನಿಜ ಕ್ಯಾಲ್ಸೈಟ್. ಹುಳಿ ಅಥವಾ ಆಸಿಡ್ ಚೆಲ್ಲಿದಲ್ಲಿ ಆ ನೆಲ ಮಂಕಾಗುವುದು ಇದೇ ಕಾರಣಕ್ಕೆ.

ರೂಪಾಂತರ ಶಿಲೆ ಮೊದಲು ಬೇರೆ ಶಿಲೆಯಾಗಿದ್ದು, ಕರಗದೆಯೇ ಶಾಖ ಮತ್ತು ಒತ್ತಡಕ್ಕೆ ಸಿಕ್ಕಿ ಬದಲಾದದ್ದು. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯ, ನೈಸ್ ಎಂಬ ರೂಪಾಂತರ ಶಿಲೆ. ಅದರ ಕಪ್ಪು-ಬಿಳಿ ಪಟ್ಟೆಗಳನ್ನು ಪದರಶಿಲೆಯ ಪದರಗಳೆಂದು ತಿಳಿಯುವುದು ಸಾಮಾನ್ಯ ತಪ್ಪು. ಹತ್ತಿರದಿಂದ ನೋಡಿದರೆ ಪಟ್ಟೆಗಳೊಳಗಿನ ಹರಳುಗಳು ಹೆಣೆದುಕೊಂಡಿರುತ್ತವೆ, ಪಟ್ಟೆಗಳು ಅಲ್ಲಲ್ಲಿ ಮಡಿಕೆಬಿದ್ದು ಬಾಗಿರುತ್ತವೆ. ಬೇಲೂರು, ಹಳೇಬೀಡುಗಳ ಶಿಲ್ಪಿಗಳು ಆರಿಸಿಕೊಂಡ ಬಳಪದ ಕಲ್ಲೂ ರೂಪಾಂತರ ಶಿಲೆಯೇ. ಟಾಲ್ಕ್, ಕ್ಲೋರೈಟ್‌ನಂತಹ ಮೃದು ಖನಿಜಗಳಿರುವುದರಿಂದಲೇ ಅಷ್ಟು ಸೂಕ್ಷ್ಮವಾದ ಕೆತ್ತನೆ ಸಾಧ್ಯವಾಯಿತು.

ಇನ್ನು ನಿಮ್ಮ ಹೊಲದ ಕಲ್ಲು. ಬಯಲುಸೀಮೆಯ ಬಹುಭಾಗದ ತಳದಲ್ಲಿರುವುದು ಗ್ರಾನೈಟ್ ಮತ್ತು ನೈಸ್. ಮಳೆ, ಗಾಳಿಗೆ ಸಿಕ್ಕ ಈ ಶಿಲೆಗಳಲ್ಲಿ ಫೆಲ್ಡ್‌ಸ್ಪಾರ್ ಕೊಳೆತು ಜೇಡಿಯಾಗುತ್ತದೆ, ಕಪ್ಪು ಖನಿಜಗಳ ಕಬ್ಬಿಣಾಂಶ ತುಕ್ಕು ಹಿಡಿದು ಮಣ್ಣನ್ನು ಕೆಂಪಾಗಿಸುತ್ತದೆ, ಶಿಲೆಯ ಬಿರುಕುಗಳಲ್ಲಿ ತುಂಬಿಕೊಂಡಿದ್ದ ಬೆಣಚುಕಲ್ಲು ಮಾತ್ರ ಕರಗದೆ ಉಳಿಯುತ್ತದೆ. ಆದ್ದರಿಂದ ನೇಗಿಲಿಗೆ ಸಿಗುತ್ತಿರುವುದು ಬಹುಪಾಲು ಬೆಣಚುಕಲ್ಲೇ ಇರಬೇಕು. ಗಾಜಿನ ಮೇಲೆ ಗೀರಿ, ಒಂದು ತುಂಡನ್ನು ಒಡೆದು ನೋಡಿದರೆ ನೀವೇ ಖಚಿತಪಡಿಸಿಕೊಳ್ಳಬಹುದು.