ಊರಿನ ಕೋವಿ ಲೈಸೆನ್ಸಿಗೆ ಪುಣೆಯಲ್ಲಿ ತೋಟೆ ಕೊಡುತ್ತಾರೆಯೇ?

ಓದುಗರ ಪ್ರಶ್ನೆ: ನನ್ನ ಹೆಸರಿನಲ್ಲಿ 12 ಬೋರಿನ ಹಳೆಯ ಜೋಡು ನಳಿಗೆ ಕೋವಿ ಇದೆ. ಲೈಸೆನ್ಸ್ ಹಾಸನ ಜಿಲ್ಲೆಯದು. ಕೆಲಸದ ಮೇಲೆ ಪುಣೆಗೆ ಬಂದು ನೆಲೆಸಿದ್ದೇನೆ. ಇಲ್ಲಿ ತೋಟೆ (ಕಾರ್ಟ್ರಿಡ್ಜ್) ಕೊಳ್ಳಬಹುದೇ? ಮನೆಯಲ್ಲಿ ಎಷ್ಟು ಇಟ್ಟುಕೊಳ್ಳಬಹುದು?

ಎರಡಕ್ಕೂ ಉತ್ತರ ನಿಮ್ಮ ಲೈಸೆನ್ಸ್ ಪುಸ್ತಕದಲ್ಲೇ ಇದೆ. ಅಂಗಡಿಗೆ ಹೋಗುವ ಮೊದಲು ಅದನ್ನು ತೆರೆದು ಮೂರು ಸಂಗತಿ ನೋಡಿ: ಯಾವ ಪ್ರದೇಶಕ್ಕೆ ಸಿಂಧು, ಯಾವ ತಾರೀಖಿನವರೆಗೆ ಸಿಂಧು, ತೋಟೆಯ ಕಾಲಮ್ಮಿನಲ್ಲಿ ಬರೆದಿರುವ ಎರಡು ಅಂಕಿಗಳು ಯಾವುವು.

ಮೊದಲು ಪ್ರದೇಶ. ಜಿಲ್ಲೆಗೋ ಕರ್ನಾಟಕಕ್ಕೋ ಸೀಮಿತವಾದ ಲೈಸೆನ್ಸ್ ಇದ್ದರೆ ಪುಣೆಯಲ್ಲಿ ಅದಕ್ಕೆ ಬೆಲೆಯಿಲ್ಲ. ಕೋವಿಯೂ ತೋಟೆಯೂ ಊರಿನಲ್ಲೇ ಇರಬೇಕು. ಬೆಳೆ ರಕ್ಷಣೆಗೆಂದು ಕೊಟ್ಟ ಲೈಸೆನ್ಸಾದರೆ ಅದು ನಿಮ್ಮ ಜಮೀನಿನ ಸುತ್ತಿಗೆ ಅಂಟಿಕೊಂಡದ್ದು, ಅದನ್ನು ನಗರಕ್ಕೆ ತರುವ ಮಾತೇ ಬೇಡ. ಇಡೀ ದೇಶಕ್ಕೆ ಸಿಂಧು ಎಂದು ಬರೆದಿದ್ದರೂ, ಕೋವಿ ಸಮೇತ ಬಿಡಾರ ಬದಲಾಯಿಸಿದವರು 30 ದಿನಗಳೊಳಗೆ ಲೈಸೆನ್ಸ್ ಕೊಟ್ಟ ಕಚೇರಿಗೂ ಹೊಸ ಊರಿನ ಕಚೇರಿಗೂ ಲಿಖಿತವಾಗಿ ತಿಳಿಸಿ, ಪುಸ್ತಕದಲ್ಲಿ ಹೊಸ ವಿಳಾಸ ಬರೆಸಿಕೊಳ್ಳಬೇಕು. ಪುಣೆ ನಗರದಲ್ಲಿ ಈ ಕಚೇರಿ ಪೊಲೀಸ್ ಕಮಿಷನರರದು. ಪಿಂಪ್ರಿ-ಚಿಂಚ್ವಡದವರಿಗೆ 2018ರಿಂದ ಬೇರೆ ಕಮಿಷನರೇಟ್ ಇದೆ. ಹಿಂಜೇವಾಡಿ ಕಡೆಯವರು ಪುಣೆ ಕಮಿಷನರ್ ಕಚೇರಿಗೆ ಅರ್ಜಿ ಹಿಡಿದು ಹೋಗಿ ದಿನ ಕಳೆದುಕೊಳ್ಳಬೇಡಿ. ಗ್ರಾಮಾಂತರಕ್ಕೆ ಕಲೆಕ್ಟರ್ ಕಚೇರಿ. ಮುಂಬೈಯಲ್ಲಿ ಪೊಲೀಸ್ ಕಮಿಷನರ್, ಗೋವಾದಲ್ಲಿ ಜಿಲ್ಲಾ ಮ್ಯಾಜಿಸ್ಟ್ರೇಟ್.

ತಾರೀಖು. ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ನಂತರ ಲೈಸೆನ್ಸ್ ಅವಧಿ ಮೂರು ವರ್ಷದಿಂದ ಐದಕ್ಕೇರಿದೆ. ಅವಧಿ ಉದ್ದವಾದಷ್ಟೂ ಮರೆವೂ ಹೆಚ್ಚು. ಎರಡು ತಿಂಗಳು ಮುಂಚೆಯೇ ನವೀಕರಣಕ್ಕೆ ಹಾಕಿ, ಅರ್ಜಿ ಕೊಟ್ಟ ರಸೀದಿ ಇಟ್ಟುಕೊಳ್ಳಿ. ಪುಸ್ತಕದಲ್ಲಿ ಯುಐಎನ್ (ಪ್ರತಿ ಲೈಸೆನ್ಸುದಾರರಿಗೂ ಕೊಡುವ ಪ್ರತ್ಯೇಕ ಗುರುತಿನ ಸಂಖ್ಯೆ) ಇರಲೇಬೇಕು; ಅದಿಲ್ಲದ ಹಳೆಯ ಪುಸ್ತಕಕ್ಕೆ ತೋಟೆ ಸಿಗುವುದಿಲ್ಲ.

ಇನ್ನು ಎರಡು ಅಂಕಿ. ಹೆಚ್ಚಿನವರು ಎಡವುವುದು ಇಲ್ಲೇ. ಒಂದು, ಒಂದೇ ಹೊತ್ತಿಗೆ ಕೈಯಲ್ಲಿ ಇರಬಹುದಾದ ತೋಟೆ. ಇನ್ನೊಂದು, ವರ್ಷವಿಡೀ ಕೊಳ್ಳಬಹುದಾದ ತೋಟೆ. ನಿಮ್ಮ ಪುಸ್ತಕದಲ್ಲಿ 50 ಮತ್ತು 100 ಎಂದಿದೆ ಎಂದುಕೊಳ್ಳೋಣ. ಮನೆಯಲ್ಲಿ 18 ಉಳಿದಿವೆ, ಈ ವರ್ಷ ಈಗಾಗಲೇ 80 ಕೊಂಡಿದ್ದೀರಿ. ಮೊದಲ ಲೆಕ್ಕದಂತೆ ಇನ್ನೂ 32 ಹಿಡಿಸುತ್ತವೆ, ಎರಡನೆಯದರಂತೆ ಉಳಿದಿರುವುದು 20. ಕಡಿಮೆಯದೇ ನಿಮ್ಮ ಪಾಲು: 20, ಅಷ್ಟೆ. ವರ್ಷ ಎಂದರೆ ಕ್ಯಾಲೆಂಡರ್ ವರ್ಷ. ಜನವರಿ 1ಕ್ಕೆ ಕೊಳ್ಳುವ ಲೆಕ್ಕ ಸೊನ್ನೆಗೆ ಬರುತ್ತದೆ, ಕೈಯಲ್ಲಿರುವ ತೋಟೆಯ ಲೆಕ್ಕ ಬರುವುದಿಲ್ಲ. ಡಿಸೆಂಬರಿನಲ್ಲಿ ಉಳಿದ ಕೋಟಾ ಮುಗಿಸಿ, ಜನವರಿಯಲ್ಲಿ ಮತ್ತೆ ಕೊಂಡು, ಗೊತ್ತಿಲ್ಲದೆಯೇ 50 ದಾಟುವವರು ಇದ್ದಾರೆ.

ಅಂಗಡಿಗೆ ಮೂಲ ಪುಸ್ತಕವನ್ನೇ ಒಯ್ಯಿರಿ, ಜೆರಾಕ್ಸ್ ನಡೆಯುವುದಿಲ್ಲ. ಲೈಸೆನ್ಸ್ ಪಡೆದ ವ್ಯಾಪಾರಿಯಿಂದ ಮಾತ್ರ ಕೊಳ್ಳಬೇಕು. ಖಡಕಿಯ ಅಮ್ಯುನಿಷನ್ ಫ್ಯಾಕ್ಟರಿ 12 ಬೋರಿನ ಶಕ್ತಿಮಾನ್ ತೋಟೆ ಮಾಡುತ್ತದೆ ನಿಜ, ಆದರೆ ನಿಮಗೆ ಅದು ಸಿಗುವುದು ಅಂಗಡಿಯಲ್ಲಿ. ಇಲ್ಲಿನ ಅಂಗಡಿಗಳಲ್ಲಿ ‘ಕಾಡತೂಸ್’ ಎಂದು ಕೇಳಿ, ಬೋರ್, ಉದ್ದ, ಚರೆಯ (ತೋಟೆಯೊಳಗಿನ ಗುಳಿಗೆಗಳ) ನಂಬರ್ ಮೂರನ್ನೂ ಹೇಳಿ. ಕೈಯಲ್ಲಿರುವುದು, ಈ ವರ್ಷ ಕೊಂಡದ್ದು, ಈಗ ಕೊಳ್ಳುವುದು ಸೇರಿ ಮಿತಿ ಮೀರಿಲ್ಲ ಎಂದು ನೀವು ಬರೆದು ಸಹಿ ಮಾಡಿ ಕೊಡಬೇಕು. ಅಂಗಡಿಯವರು ಪುಸ್ತಕದಲ್ಲಿ ತಾರೀಖು, ತೋಟೆಯ ಬಗೆ, ಎಣಿಕೆ, ಪಡೆದವರ ಹೆಸರು ಬರೆದು ಸಹಿ ಹಾಕಬೇಕು. ಆ ಸಾಲು ಬರೆಯುವವರೆಗೆ ಅಂಗಡಿ ಬಿಟ್ಟು ಏಳಬೇಡಿ. ಪುಸ್ತಕದಲ್ಲಿ ಏರದ ತೋಟೆ ಎಲ್ಲಿಂದ ಬಂತೆಂದು ನಾಳೆ ಯಾರಾದರೂ ಕೇಳಿದರೆ, ಬಿಲ್ಲು ಕಳೆದಿದ್ದರೆ ನಿಮ್ಮ ಬಳಿ ಉತ್ತರವಿರುವುದಿಲ್ಲ. ಗೆಳೆಯರಿಂದ ‘ಹತ್ತು ತೋಟೆ ಕೈಸಾಲ’ ಪಡೆಯುವ ಅಭ್ಯಾಸವನ್ನು ಇದೇ ಕಾರಣಕ್ಕೆ ಬಿಡಬೇಕು.

ನಿಮ್ಮ ಕೋವಿ ಹಳೆಯದು ಎಂದಿದ್ದೀರಿ. ಹಾಗಾದರೆ ಲೈಸೆನ್ಸಿಗಿಂತ ದೊಡ್ಡ ಅಪಾಯ ತೋಟೆಯ ಉದ್ದದಲ್ಲಿದೆ. ಹಳೆಯ ಕೋವಿಗಳ ತೋಟೆಮನೆ, ಅಂದರೆ ನಳಿಗೆಯಲ್ಲಿ ತೋಟೆ ಕೂರುವ ಜಾಗ, ಸಾಮಾನ್ಯವಾಗಿ 65 ಮಿ.ಮೀ., ಈಗ ಹೆಚ್ಚಾಗಿ ಸಿಗುವ ತೋಟೆ 70 ಮಿ.ಮೀ. ಈ 70 ಎನ್ನುವುದು ಈಡು ಹಾರಿದ ಮೇಲಿನ ಉದ್ದ. ಹಾರುವ ಮೊದಲು ತೋಟೆಯ ಬಾಯಿ ಮಡಚಿಕೊಂಡಿರುವುದರಿಂದ ಅದು ಗಿಡ್ಡವಾಗಿದ್ದು 65ರ ಮನೆಯಲ್ಲೂ ಸಲೀಸಾಗಿ ಕೂರುತ್ತದೆ. ಕೋವಿ ಮುಚ್ಚುತ್ತದೆ, ಕೈಗೆ ಯಾವ ತಡೆಯೂ ತಿಳಿಯುವುದಿಲ್ಲ. ಈಡು ಹಾರಿದಾಗ ಮಡಿಕೆ ಬಿಚ್ಚಲು ಜಾಗವಿಲ್ಲದೆ ನಳಿಗೆ ಕಿರಿದಾಗುವ ಕಡೆಗೆ ಚಾಚಿ ಚರೆಯ ದಾರಿ ಕಟ್ಟುತ್ತದೆ, ಒತ್ತಡ ಏರುತ್ತದೆ. ಒಳಕ್ಕೆ ಕೂತಿತು ಎಂಬುದೇ ಸರಿಯಾದ ತೋಟೆ ಎಂಬುದಕ್ಕೆ ಸಾಕ್ಷಿಯಲ್ಲ. ನಳಿಗೆಯ ಅಡಿಯಲ್ಲಿ 65, 70 ಅಥವಾ ಇಂಚಿನಲ್ಲಿ 2½, 2¾ ಎಂದು ಕೊರೆದಿರುತ್ತದೆ. ಅಳಿಸಿದ್ದರೆ ಕೋವಿ ರಿಪೇರಿಯವರಿಂದ ಅಳೆಸಿ. 20 ಬೋರಿನ ತೋಟೆ 12ರ ಜೊತೆ ಬೆರೆಯಬಾರದು: ಅದು 12ರದಕ್ಕಿಂತ ಸಣ್ಣದು, ಜಾರಿ ನಳಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ, ಖಾಲಿಯಿದೆ ಎಂದು ಹಿಂದಿನಿಂದ 12ರ ತೋಟೆ ತುಂಬಿ ಹಾರಿಸಿದರೆ ನಳಿಗೆ ಸಿಡಿಯುತ್ತದೆ.

ಮನೆಯಲ್ಲಿ ಕೋವಿ ಒಂದು ಕಡೆ, ತೋಟೆ ಇನ್ನೊಂದು ಕಡೆ, ಎರಡಕ್ಕೂ ಬೀಗ. ಕೊಂಕಣದ ಮಳೆಯಲ್ಲಿ ಹಿತ್ತಾಳೆಯ ಬುಡಕ್ಕೆ ಹಸಿರು ಕಿಲುಬು ಹಿಡಿಯುತ್ತದೆ, ಕಾಗದದ ತೋಟೆ ಉಬ್ಬುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಎಣ್ಣೆ ಸವರಬೇಡಿ. ಎಣ್ಣೆ ತೋಟೆಯ ಬುಡದಲ್ಲಿ ಕಿಡಿ ಹೊತ್ತಿಸುವ ಕೇಪಿನೊಳಗೆ ಇಳಿದರೆ ಈಡು ಹಾರುವುದಿಲ್ಲ.

ಕೊಡಗಿನವರಿಗೆ ಒಂದು ಮಾತು. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿ 2029ರ ಅಕ್ಟೋಬರ್ 31ರವರೆಗೆ ಇದೆ; 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ವಿನಾಯಿತಿಗೆ ಮಿತಿಯೇ ಇಲ್ಲವೆಂದು ತಿಳಿಯುವುದು ತಪ್ಪು. 1963ರ ಅಧಿಸೂಚನೆಯಲ್ಲೇ ಜಿಲ್ಲೆಯ ಹೊರಗಿರುವವರಿಗೆ ಒಂದು ರೈಫಲ್, ಅದಕ್ಕೆ 100 ಗುಂಡು, ಒಂದು ಕೋವಿ, ಅದಕ್ಕೆ 500 ತೋಟೆ ಎಂಬ ಕಟ್ಟಳೆ ಇತ್ತು. ವಿನಾಯಿತಿ ಪತ್ರದ ಷರತ್ತುಗಳನ್ನು ಓದಿ, ಮೂಲ ಪತ್ರವನ್ನು ಜೊತೆಯಲ್ಲಿಡಿ.

ಲೈಸೆನ್ಸಿಲ್ಲದೆ ತೋಟೆ ಇಟ್ಟುಕೊಂಡರೆ, ಕೋವಿ ಇಲ್ಲದಿದ್ದರೂ, ಶಿಕ್ಷೆ 2ರಿಂದ 5 ವರ್ಷ. ಲೈಸೆನ್ಸಿನ ಷರತ್ತು ಮುರಿದರೆ 6 ತಿಂಗಳವರೆಗೆ ಸಜೆ, ಅಥವಾ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಪುಣೆಯ ಲೋಹಗಾಂವ್ ವಿಮಾನ ನಿಲ್ದಾಣಕ್ಕೆ ಹೊರಡುವ ಮೊದಲು ತೋಟಕ್ಕೆ ಒಯ್ಯುವ ಬ್ಯಾಗಿನ ಜೇಬು, ಜಾಕೆಟ್ಟಿನ ಅಂಚು ಎಲ್ಲ ತಡಕಿ. ಒಂದೇ ಒಂದು ಮರೆತ ತೋಟೆ ಸ್ಕ್ಯಾನರಿನಲ್ಲಿ ಕಂಡರೂ ವಿಮಾನ ತಪ್ಪುತ್ತದೆ, ಠಾಣೆ ಹತ್ತಬೇಕಾಗುತ್ತದೆ. ಗೊತ್ತಿಲ್ಲದೆ ಉಳಿದಿತ್ತು ಎಂಬ ವಾದವನ್ನು ನ್ಯಾಯಾಲಯಗಳು ಒಪ್ಪಿದ್ದುಂಟು, ಆದರೆ ಅಲ್ಲಿಯವರೆಗಿನ ಅಲೆದಾಟ ನಿಮ್ಮದೇ.

ತೋಟೆ ಕಳೆದರೂ ಕೂಡಲೇ ಹತ್ತಿರದ ಠಾಣೆಗೆ ತಿಳಿಸಬೇಕು. ಚುನಾವಣೆಗೆ ಕೋವಿ ಜಮಾ ಮಾಡಲು ಹೇಳಿದರೆ ರಸೀದಿಯಲ್ಲಿ ಕೋವಿಯ ನಂಬರಿನ ಜೊತೆ ತೋಟೆಯ ಎಣಿಕೆಯನ್ನೂ ಬರೆಸಿ. ಕಿಲುಬು ಹಿಡಿದ, ಕೋವಿಯ ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ) ಬಿದ್ದರೂ ಹಾರದ ತೋಟೆಗಳನ್ನು ಕಸಕ್ಕೋ ಹೊಳೆಗೋ ಎಸೆಯಬೇಡಿ. ಅವೂ ನಿಮ್ಮ ಲೆಕ್ಕದವೇ. ಏನು ಮಾಡಬೇಕೆಂದು ಠಾಣೆಯಲ್ಲಿ ಕೇಳಿ ಒಪ್ಪಿಸಿ, ಎಣಿಕೆ ಬರೆದ ರಸೀದಿ ಪಡೆದು ಪುಸ್ತಕದ ಜೊತೆ ಪಿನ್ ಮಾಡಿಡಿ.