ಬೌಂಡ್ ರೇಟ್ ಅಂದರೆ ಏನು?

ಆಮದು ಸುಂಕ ಏರಿತು, ಇಳಿಯಿತು ಎಂಬ ಸುದ್ದಿ ಬಂದಾಗೆಲ್ಲ ‘ಬೌಂಡ್ ರೇಟ್’ ಎಂಬ ಮಾತು ಇಣುಕುತ್ತದೆ. ‘ಈ ಸರಕಿಗೆ ಇದಕ್ಕಿಂತ ಹೆಚ್ಚು ಸುಂಕ ಹಾಕುವುದಿಲ್ಲ’ ಎಂದು ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯ ದೇಶ ಬರೆದುಕೊಟ್ಟ ಮಿತಿ ಅದು. ಬಂದರಿನಲ್ಲಿ ಕಸ್ಟಮ್ಸ್‌ನವರು ವಸೂಲು ಮಾಡುವುದು ‘ಅಪ್ಲೈಡ್ ರೇಟ್’. ಮಿತಿಯ ಒಳಗೆ ಅದನ್ನು ಎಷ್ಟು ಬೇಕಾದರೂ ಏರಿಳಿಸಬಹುದು. ಮಿತಿಯನ್ನೇ ಏರಿಸಬೇಕೆಂದರೆ ನಷ್ಟವಾಗುವ ದೇಶಗಳೊಂದಿಗೆ ಮಾತುಕತೆಗೆ ಕೂತು, ಬದಲಿಗೆ ಬೇರೇನಾದರೂ ಬಿಟ್ಟುಕೊಡಬೇಕು.

ಯಾವ ಸರ್ಕಾರವಾದರೂ ತನ್ನ ಅಧಿಕಾರವನ್ನು ತಾನೇ ಏಕೆ ಮೊಟಕು ಮಾಡಿಕೊಳ್ಳುತ್ತದೆ? ಬಜೆಟ್‌ನಲ್ಲಿ ಕೊಟ್ಟ ಮಾತು ಮುಂದಿನ ಬಜೆಟ್‌ವರೆಗೆ ಮಾತ್ರ ಎಂದು ಹೊರಗಿನ ವ್ಯಾಪಾರಿಗೂ ಗೊತ್ತು. ವಿಶ್ವ ವ್ಯಾಪಾರ ಸಂಸ್ಥೆಯ ಕೇಂದ್ರವಾದ ಜಿನೀವಾದಲ್ಲಿ ಕೊಟ್ಟ ಮಾತು ಹಾಗಲ್ಲ, ಪಕ್ಷ ಬದಲಾದರೂ ಅದನ್ನು ಮುರಿಯುವುದು ದುಬಾರಿ. ಸದಸ್ಯತ್ವದಿಂದ ಸರ್ಕಾರಕ್ಕೆ ಸಿಗುವ ನಂಬಿಕೆ ಇಷ್ಟೇ.

ಅದೂ ಮಿತಿ ಬಿಗಿಯಾಗಿದ್ದರೆ. ನಮ್ಮ ತಾಳೆ ಎಣ್ಣೆಯ ಬೌಂಡ್ ರೇಟ್ ಶೇ 300! ಕಚ್ಚಾ ತಾಳೆ ಎಣ್ಣೆಯ ಮೂಲ ಸುಂಕ 2024ರ ಸೆಪ್ಟೆಂಬರ್‌ನಲ್ಲಿ ಸೊನ್ನೆಯಿಂದ ಶೇ 20ಕ್ಕೆ ಹಾರಿತು, 2025ರ ಮೇ ಕೊನೆಗೆ ಶೇ 10ಕ್ಕೆ ಇಳಿಯಿತು. ನಿಯಮವೇನೂ ಮುರಿಯಲಿಲ್ಲ. ಆದರೆ ಮಲೇಷ್ಯಾದ ರಫ್ತುದಾರನಿಗೆ ಆ ಮಿತಿ ಇದ್ದೂ ಇಲ್ಲದಂತೆ. ಸೋಯಾ ಎಣ್ಣೆಗೆ ಮಿತಿ ಶೇ 45, ಅಲ್ಲಿ ಸರ್ಕಾರಕ್ಕೆ ಇಷ್ಟು ಸಲಿಗೆಯಿಲ್ಲ. (ಎಣ್ಣೆಕಾಳು ಬೆಳೆಯುವ ರೈತರ ಕಡೆಯಿಂದ ನೋಡಿದರೆ ಆ ಸಲಿಗೆಯೇ ಆಸರೆ, ಅದು ಬೇರೆ ಮಾತು.)

ಮಿತಿ ಸೊನ್ನೆಯಾಗಿದ್ದರೆ? ಮೊಬೈಲ್ ಫೋನ್ ಮೇಲೆ ಭಾರತ 2017ರ ಜುಲೈನಲ್ಲಿ ಶೇ 10 ಸುಂಕ ಹಾಕಿತು, 2018ರ ಬಜೆಟ್ ಹೊತ್ತಿಗೆ ಅದು ಶೇ 20 ಆಗಿತ್ತು. ಜಪಾನ್, ಐರೋಪ್ಯ ಒಕ್ಕೂಟ, ತೈವಾನ್ ದೂರು ಕೊಟ್ಟವು: ನೀವು ಬರೆದುಕೊಟ್ಟ ಮಿತಿಗಳ ಪಟ್ಟಿಯಲ್ಲಿ ಇದಕ್ಕೆ ಸುಂಕವೇ ಇಲ್ಲವಲ್ಲ! ಇಂಥ ಫೋನುಗಳು ಐಟಿ ಸರಕುಗಳ ಸುಂಕ ತೆಗೆಯುವ 1996ರ ಮಾಹಿತಿ ತಂತ್ರಜ್ಞಾನ ಒಪ್ಪಂದದ ವ್ಯಾಪ್ತಿಯಲ್ಲಿರಲಿಲ್ಲ, ಪಟ್ಟಿ ಪರಿಷ್ಕರಿಸುವಾಗ ಕಣ್ತಪ್ಪಿನಿಂದ ಸೇರಿಕೊಂಡವು ಎಂದು ಭಾರತ ವಾದಿಸಿತು. 2023ರ ಏಪ್ರಿಲ್‌ನಲ್ಲಿ ಸಂಸ್ಥೆಯ ತೀರ್ಪುಗಾರರ ಸಮಿತಿ ಆ ವಾದವನ್ನು ಒಪ್ಪಲಿಲ್ಲ.

ಭಾರತ ಮೇಲ್ಮನವಿ ಹಾಕಿತು. ಸ್ವಾರಸ್ಯವೆಂದರೆ ಮೇಲ್ಮನವಿ ಕೇಳಲು ಅಲ್ಲಿ ಯಾರೂ ಇಲ್ಲ. ಹೊಸ ನೇಮಕಗಳಿಗೆ ಅಮೆರಿಕ ಅಡ್ಡಗಾಲು ಹಾಕಿದ್ದರಿಂದ 2019ರ ಡಿಸೆಂಬರ್‌ನಿಂದ ಮೇಲ್ಮನವಿ ಪೀಠದಲ್ಲಿ ವಿಚಾರಣೆಗೆ ಬೇಕಾದಷ್ಟು ಸದಸ್ಯರೇ ಇಲ್ಲ. ಮೇಲ್ಮನವಿ ಇತ್ಯರ್ಥವಾಗುವ ತನಕ ತೀರ್ಪು ಜಾರಿಗೆ ಬರುವಂತಿಲ್ಲ. 2024ರ ಜುಲೈ ಬಜೆಟ್ ಮೊಬೈಲ್ ಸುಂಕವನ್ನು ಶೇ 15ಕ್ಕೆ ಇಳಿಸಿದ್ದು ನಿಜ. ಕೊಟ್ಟ ಕಾರಣ: ದೇಶದ ಮೊಬೈಲ್ ಉದ್ಯಮ ಬಲಿತಿದೆ, ಇಳಿಕೆ ಗ್ರಾಹಕರ ಹಿತಕ್ಕಾಗಿ.