ರೊಮೇನಿಯನ್ ಭಾಷೆಯಲ್ಲಿ ‘ಟೈಮ್’

ಇಂಗ್ಲಿಷಿನ ‘ಟೈಮ್’ ನಮ್ಮ ಮಾತಿನಲ್ಲೂ ದಿನಕ್ಕೆ ಹತ್ತಾರು ಸಲ ಬಂದುಹೋಗುವ ಪದ. ಟೈಮ್ ಎಷ್ಟು, ಟೈಮ್ ಇಲ್ಲ, ಲಾಸ್ಟ್ ಟೈಮ್ ಬಂದಾಗ... ಎಲ್ಲಕ್ಕೂ ಅದೇ. ರೊಮೇನಿಯನ್ ಕಲಿಯಲು ಕೂತವರಿಗೆ ಮಾತ್ರ ಈ ಪದ ಬೇಗ ಕಾಟ ಕೊಡುತ್ತದೆ. ಅಲ್ಲಿ ಇದರ ಕೆಲಸವನ್ನು ಐದಾರು ಪದಗಳು ಹಂಚಿಕೊಂಡಿವೆ.

ನಿಘಂಟು ಮೊದಲು ತೋರಿಸುವುದು ‘ತಿಂಪ್’. ಲ್ಯಾಟಿನ್ನಿನ ‘ತೆಂಪುಸ್’ನಿಂದ ಬಂದದ್ದು. ಉಳಿಸುವ, ಕಳೆಯುವ, ಸಾಲದೆ ಹೋಗುವ ಸಮಯ ಇದು. ‘ನಾಮ್ ತಿಂಪ್’ ಅಂದರೆ ನನಗೆ ಟೈಮ್ ಇಲ್ಲ. ‘ಲ ತಿಂಪ್’ ಅಂದರೆ ಸರಿಯಾದ ಸಮಯಕ್ಕೆ. ‘ದಿನ್ ತಿಂಪ್’ ಅಂದರೆ ಮುಂಚೆಯೇ. ಈ ಎರಡನ್ನು ಅದಲುಬದಲು ಮಾಡಬಾರದು. ವ್ಯಾಕರಣದ ಭೂತಕಾಲ, ಭವಿಷ್ಯತ್ಕಾಲಗಳೂ ತಿಂಪ್‌ಗಳೇ. ಇದಕ್ಕೆ ಬಹುವಚನ ಎರಡಿದೆ. ಕಾಲಘಟ್ಟಗಳಿಗೆ ‘ತಿಂಪುರಿ’. ಸಂಗೀತದ ಬೀಟ್‌ಗೂ ಎಂಜಿನ್ನಿನ ಸ್ಟ್ರೋಕ್‌ಗೂ ‘ತಿಂಪಿ’. ಹಾಗಾಗಿ ಫೋರ್ ಸ್ಟ್ರೋಕ್ ಎಂಜಿನ್ ಅಂದರೆ ‘ಮೊತೊರ್ ಇನ್ ಪಾತ್ರು ತಿಂಪಿ’. ಕೊನೆಯ ‘ಇ’ಯನ್ನು ಪೂರ್ತಿ ಉಚ್ಚರಿಸುವುದಿಲ್ಲ, ಸುಮ್ನೆ ತಾಕಿಸಿ ಬಿಡುತ್ತಾರೆ.

ನನಗೆ ಜಾಸ್ತಿ ಇಷ್ಟವಾದದ್ದು ‘ವ್ರೆಮೆ’. ಇದು ಸ್ಲಾವಿಕ್ ಭಾಷೆಗಳಿಂದ ಬಂದ ಪದ. ಪಕ್ಕದ ಬಲ್ಗೇರಿಯನ್ ಮತ್ತು ಸರ್ಬಿಯನ್‌ಗಳಲ್ಲೂ ಇದೆ. ಅಲ್ಲೂ ಇಲ್ಲೂ ಇದಕ್ಕೆ ಎರಡು ಅರ್ಥ: ಸಮಯ ಮತ್ತು ಹವಾಮಾನ. ‘ಕುಮ್ ಯೆ ವ್ರೆಮ್ಯಾ?’ ಎಂದು ಯಾರಾದರೂ ಕೇಳಿದರೆ ಗಡಿಯಾರ ನೋಡಬೇಡಿ, ಕಿಟಕಿಯ ಹೊರಗೆ ನೋಡಿ. ಮಳೆಯೋ ಬಿಸಿಲೋ ಎಂದು ಅವರ ಪ್ರಶ್ನೆ. ಆದರೆ ಅಜ್ಜ ‘ಪೆ ವ್ರೆಮ್ಯಾ ಮ್ಯಾ’ ಎಂದು ಶುರು ಮಾಡಿದರೆ ಅದು ‘ನಮ್ಮ ಕಾಲದಲ್ಲಿ’ ಎಂದು. ‘ಪೆ ವ್ರೆಮುರಿ’ ಅಂದರೆ ಹಿಂದಿನ ಕಾಲದಲ್ಲಿ. ಕನ್ನಡದಲ್ಲಿ ಇದಕ್ಕೆ ತೀರಾ ಹತ್ತಿರದ್ದು ‘ಕಾಲ’. ನಾವೂ ಅದೇ ಪದದಲ್ಲಿ ಮಳೆಗಾಲ, ಚಳಿಗಾಲ ಅನ್ನುತ್ತೇವೆ, ಅಲ್ವಾ? ತಿಂಪ್‌ಗೂ ಹವಾಮಾನದ ಅರ್ಥ ಉಂಟು, ಆದರೆ ಹವೆ ಹೇಗಿದೆ ಎಂದು ಕೇಳುವಾಗ ಸಹಜವಾಗಿ ಬರುವುದು ವ್ರೆಮೆಯೇ.

ಗಡಿಯಾರದ ಟೈಮ್ ಬೇರೆ. ‘ಕಿತ್ ಯೆ ಚಾಸುಲ್?’ ಅಂದರೆ ಗಂಟೆ ಎಷ್ಟು. ‘ಚಾಸ್’ ಅಂದರೆ ಗಡಿಯಾರ. ಅದೂ ಸ್ಲಾವಿಕ್ ಮೂಲದ್ದೇ. ‘ಚೆ ಓರ ಯೆ?’ ಎಂದೂ ಕೇಳಬಹುದು. ‘ಓರ’ ಅಂದರೆ ತಾಸು, ಅರವತ್ತು ನಿಮಿಷ. ಇಲ್ಲಿ ತಿಂಪ್ ಬಳಸಿದರೆ ಹೊಸಬರೆಂದು ತಕ್ಷಣ ಗೊತ್ತಾಗುತ್ತದೆ.

ಇನ್ನು ಸಲ, ಬಾರಿ ಎಂಬ ಅರ್ಥದ ಟೈಮ್. ಎರಡು ಸಲಕ್ಕೆ ‘ದೆ ದೋವ ಓರಿ’, ಮೂರು ಸಲಕ್ಕೆ ‘ದೆ ತ್ರೇ ಓರಿ’. ಮಗ್ಗಿಗೂ ಇದೇ ‘ಓರಿ’: ‘ದೋಯ್ ಓರಿ ದೋಯ್’, ನಾವು ‘ಎರಡೆರಡ್ಲ’ ಅನ್ನುವ ಜಾಗದಲ್ಲಿ. ‘ಉನೆಓರಿ’ ಅಂದರೆ ಕೆಲವೊಮ್ಮೆ. ಮೊದಲನೆಯ ಸಲ ಎನ್ನಲು ‘ಪ್ರಿಮ ಓಆರ’. ಈ ‘ಓಆರ’ವೂ ಮೇಲಿನ ‘ಓರ’ವೂ ಲ್ಯಾಟಿನ್ನಿನ ಒಂದೇ ‘ಹೋರ’ದಿಂದ ಬಂದವು. ಮೊದಲನೆಯದು ಹಳೆಯ ಕಾಲದಿಂದ ಜನರ ಬಾಯಲ್ಲಿ ಸವೆದು ಉಳಿದದ್ದು, ಎರಡನೆಯದು ಓದಿದವರು ಆಮೇಲೆ ಎರವಲು ತಂದದ್ದು.

ಒಂದು ಸಲಕ್ಕೆ ಮಾತ್ರ ಓರಿ ನಡೆಯುವುದಿಲ್ಲ, ‘ಒ ದಾತ’ ಎನ್ನಬೇಕು. ಬಿಡಿಸಿ ಬರೆದರೆ ಒಂದು ಸಲ. ಕೂಡಿಸಿ ‘ಒದಾತ’ ಎಂದು ಬರೆದರೆ ‘ಒಂದಾನೊಂದು ಕಾಲದಲ್ಲಿ’. ಕಿವಿಗೆ ಎರಡೂ ಒಂದೇ ಥರ ಕೇಳುವುದರಿಂದ ಬರೆಯುವಾಗ ರೊಮೇನಿಯನ್ನರೂ ತಪ್ಪುತ್ತಾರೆ. ಅವರ ಅಜ್ಜಿಕತೆಗಳು ಶುರುವಾಗುವುದೇ ‘ಅ ಫೊಸ್ತ್ ಒದಾತ ಕ ನಿಚೊದಾತ’ ಎಂದು. ‘ಎಂದೂ ಇಲ್ಲದ ಹಾಗೆ ಒಮ್ಮೆ ಇತ್ತು’ ಎಂಬ ಅರ್ಥ. ಎಷ್ಟು ಚೆಂದದ ಆರಂಭ! ಮುಂದಿನ ಸಲಕ್ಕೂ ಇದೇ ‘ದಾತ’: ‘ದಾತ ವಿಇತೋಆರೆ’.

ಕೆಲವು ಕಡೆ ಇಷ್ಟರಲ್ಲಿ ಯಾವ ಪದವೂ ಬರುವುದಿಲ್ಲ. ಆಗಾಗ ಎನ್ನಲು ‘ದಿನ್ ಕಿಂದ್ ಇನ್ ಕಿಂದ್’. ಇಲ್ಲಿರುವುದು ‘ಯಾವಾಗ’ ಎಂಬ ಪದ. ಪಾರ್ಟಿಗೆ ಹೊರಟವರಿಗೆ ‘ಗುಡ್ ಟೈಮ್’ ಹಾರೈಸಬೇಕಾದರೆ ‘ದಿಸ್ತ್ರಾಕ್ತ್ಸಿಯೆ ಪ್ಲಕುತ’ ಅನ್ನಿ. ಖುಷಿಯಾಗಿ ಮಜಾ ಮಾಡಿ ಬನ್ನಿ ಎಂದು.